ವೈಜ್ಞಾನಿಕ ಹೆಸರು ಸ್ಥಿರವೆಂದಾದರೆ ಅದು ಬದಲಾಗುತ್ತಿರುವುದೇಕೆ?

ಪ್ರಶ್ನೆ: ಪದಸಂಚಿ

ಸಸ್ಯಗಳ ಕನ್ನಡ ಹೆಸರುಗಳನ್ನು ಅವುಗಳ ವೈಜ್ಞಾನಿಕ ಹೆಸರುಗಳಿಗೆ ಹೊಂದಿಸಿ ಒಂದು ಪದಕೋಶವನ್ನು ಸಿದ್ಧಪಡಿಸುತ್ತಿದ್ದೇನೆ. ನಾನು ಸಸ್ಯವಿಜ್ಞಾನವನ್ನು ಓದಿದವನಲ್ಲ. ಭಾಷೆ ಮತ್ತು ನಿಘಂಟು ನನ್ನ ಕ್ಷೇತ್ರ. ಒಂದೇ ಮರಕ್ಕೆ ಸೀಮೆಗೊಂದು ಹೆಸರಿರುವುದು, ಒಂದೇ ಹೆಸರನ್ನು ಮೂರು ಬೇರೆ ಗಿಡಗಳಿಗೆ ಬಳಸುವುದು ನಿಘಂಟುಕಾರರ ಹಳೆಯ ತಲೆನೋವು. ವೈಜ್ಞಾನಿಕ ಹೆಸರು ಜಗತ್ತಿಗೆಲ್ಲ ಒಂದೇ, ಅದನ್ನು ಬರೆದುಬಿಟ್ಟರೆ ಗೊಂದಲಕ್ಕೆ ಎಡೆಯಿಲ್ಲ ಎಂದು ಶಾಲೆಯಲ್ಲಿ ಕಲಿತದ್ದನ್ನೇ ನಂಬಿ ಈ ಕೆಲಸಕ್ಕೆ ಕೈಹಾಕಿದೆ.

ಕರಿಜಾಲಿಯ ನಮೂದಿಗೆ ಬರುವಷ್ಟರಲ್ಲಿ ಆ ನಂಬಿಕೆ ಅಲುಗಾಡಿತು. ಹಳೆಯ ಪುಸ್ತಕವೊಂದರಲ್ಲಿ ಅದು ಅಕೇಶಿಯ ಅರಾಬಿಕ. ಅದರ ನಂತರದ ಪುಸ್ತಕದಲ್ಲಿ ಅಕೇಶಿಯ ನಿಲೋಟಿಕ. ಈಚಿನ ದತ್ತಸಂಗ್ರಹಗಳಲ್ಲಿ ವಾಚೆಲ್ಲಿಯ ನಿಲೋಟಿಕ. ಮೊದಲ ಸಲ ಎರಡನೆಯ ಪದ ಬದಲಾಗಿದೆ, ಎರಡನೆಯ ಸಲ ಮೊದಲನೆಯ ಪದ ಬದಲಾಗಿದೆ. ಅರಾಬಿಕ ಎಂದು ಕಲಿತವನು ವಾಚೆಲ್ಲಿಯ ನಿಲೋಟಿಕವನ್ನು ಕಂಡರೆ ಎರಡೂ ಒಂದೇ ಮರವೆಂದು ಊಹಿಸುವುದಕ್ಕೂ ಆಗದು. ಟೊಮೇಟೊ ಗಿಡದ ಕಥೆ ಇನ್ನೂ ವಿಚಿತ್ರ. ಕೆಲವೆಡೆ ಅದು ಲೈಕೊಪರ್ಸಿಕಾನ್ ಎಸ್ಕುಲೆಂಟಮ್, ಕೆಲವೆಡೆ ಸೊಲನಮ್ ಲೈಕೊಪರ್ಸಿಕಮ್, ಮತ್ತು ಇವೆರಡರಲ್ಲಿ ಹೊಸದೆಂದು ನಾನು ಭಾವಿಸಿದ್ದ ಹೆಸರೇ ಹಳೆಯದಂತೆ.

ಹೀಗೆ ಬದಲಾಗುವುದಾದರೆ ವೈಜ್ಞಾನಿಕ ಹೆಸರು ರೂಢಿಯ ಹೆಸರಿಗಿಂತ ಯಾವ ರೀತಿಯಲ್ಲಿ ಮೇಲು? ಬದಲಾವಣೆಯನ್ನು ತೀರ್ಮಾನಿಸುವ ಅಧಿಕಾರ ಯಾರದು? ಅಚ್ಚಿಗೆ ಹೋಗುವ ಪದಕೋಶದಲ್ಲಿ ನಾನು ಯಾವುದನ್ನು ಬರೆಯಬೇಕು? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ತೊಗಟೆ

ಜೀವಿಗಳನ್ನು ವರ್ಗೀಕರಿಸುವುದು ಒಂದು ಕೆಲಸ, ಹೆಸರಿಡುವುದು ಮತ್ತೊಂದು. ಶಾಲೆಯ ಪಾಠದಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುವುದರಿಂದ ಅವು ಒಂದೇ ಎಂಬ ಭಾವನೆ ಉಳಿಯುತ್ತದೆ. ನಿಮ್ಮ ಗೊಂದಲದ ಬೇರು ಅಲ್ಲಿದೆ ಎಂದು ನನಗೆ ತೋರುತ್ತದೆ.

ಯಾವ ಜೀವಿ ಯಾವುದಕ್ಕೆ ಎಷ್ಟು ಹತ್ತಿರದ ನಂಟ ಎಂಬ ಬಗ್ಗೆ ಪುರಾವೆಗಳನ್ನು ಮುಂದಿಟ್ಟು ಮಾಡುವ ವಾದವೇ ವರ್ಗೀಕರಣ. ಅದು ವಿಜ್ಞಾನದ ಭಾಗ. ಹೊಸ ಪುರಾವೆ ಸಿಕ್ಕರೆ ಬದಲಾಗಲೇಬೇಕು, ಬದಲಾಗದಿದ್ದರೆ ಅದು ವಿಜ್ಞಾನವಲ್ಲ. ನಾಮಕರಣವಾದರೋ ಒಪ್ಪಂದದಿಂದ ಬಂದ ನಿಯಮಾವಳಿಗೆ ಒಳಪಟ್ಟಿದೆ, ಸ್ವಭಾವದಲ್ಲಿ ಕಾನೂನಿಗೆ ಹತ್ತಿರವಾದದ್ದು. ಸ್ವೀಡನ್ನಿನ ಕಾರ್ಲ್ ಲಿನೇಯಸ್ ಇವೆರಡನ್ನೂ ಒಂದೇ ಹೆಸರಿನೊಳಗೆ ಹೆಣೆದುಬಿಟ್ಟ. ಅವನಿಗಿಂತ ಮೊದಲು ಸಸ್ಯದ ಹೆಸರೆಂದರೆ ಒಂದು ಪುಟ್ಟ ವರ್ಣನೆಯೇ ಆಗಿತ್ತು. ‘ಒಂದೇ ವರ್ಷ ಬದುಕುವ, ಬಹಳವಾಗಿ ಕವಲೊಡೆಯುವ, ಮೂಲೆಗಳುಳ್ಳ ನುಣುಪಾದ ರೆಂಬೆಗಳ, ಗರಗಸದ ಹಲ್ಲಿನಂಥ ಅಂಚಿರುವ ಎಲೆಗಳ ಫೈಸಾಲಿಸ್’ ಎಂದು ಲ್ಯಾಟಿನ್ನಿನಲ್ಲಿ ಹೇಳುತ್ತಿದ್ದ ಗಿಡವನ್ನು ಲಿನೇಯಸ್ ಫೈಸಾಲಿಸ್ ಆಂಗ್ಯುಲಾಟ ಎಂಬ ಎರಡು ಪದಗಳಿಗೆ ಇಳಿಸಿದ. ವರ್ಣಿಸುವ ಹೊಣೆಯಿಂದ ಹೆಸರಿಗೆ ಬಿಡುಗಡೆ ಸಿಕ್ಕಿತು. ಆದರೆ ನಂಟಸ್ತಿಕೆಯನ್ನು ಹೇಳುವ ಹೊಣೆ ಮಾತ್ರ ಉಳಿದುಕೊಂಡಿತು. ಮೊದಲ ಪದವಾದ ಕುಲನಾಮವು ‘ಈ ಗಿಡ ಈ ಬಳಗಕ್ಕೆ ಸೇರಿದ್ದು’ ಎಂದು ಸಾರುತ್ತದೆ. ಬಳಗದ ಬಗೆಗಿನ ತಿಳಿವಳಿಕೆ ತಪ್ಪೆಂದು ಗೊತ್ತಾದ ದಿನ ಹೆಸರೂ ಬದಲಾಗುವುದು ಅನಿವಾರ್ಯ.

ಈಗ ನಿಮ್ಮ ಕರಿಜಾಲಿಗೆ ಬರೋಣ. ಅದರ ಎರಡು ಬದಲಾವಣೆಗಳಲ್ಲಿ ಒಂದು ಕಾನೂನಿನದು, ಇನ್ನೊಂದು ವಿಜ್ಞಾನದ್ದು.

1753ರಲ್ಲಿ ಲಿನೇಯಸ್ ಈ ಮರವನ್ನು ಮಿಮೋಸ ನಿಲೋಟಿಕ ಎಂದು ಕರೆದ. 1783ರಲ್ಲಿ ಲಮಾರ್ಕ್ ಅದನ್ನು ಬೇರೆಯದೆಂದು ಬಗೆದು ಮಿಮೋಸ ಅರಾಬಿಕ ಎಂಬ ಹೆಸರನ್ನು ಪ್ರಕಟಿಸಿದ. ಇಬ್ಬರೂ ಹೇಳುತ್ತಿರುವುದು ಒಂದೇ ಪ್ರಭೇದವೆಂದು ಒಪ್ಪಿದ ಮೇಲೆ ಯಾವ ಹೆಸರು ಉಳಿಯಬೇಕೆಂಬುದಕ್ಕೆ ಚರ್ಚೆಯೇ ಬೇಡ: ಮೊದಲು ಪ್ರಕಟವಾದದ್ದು ಉಳಿಯುತ್ತದೆ. ಇದನ್ನು ಆದ್ಯತೆಯ ನಿಯಮ ಎನ್ನುತ್ತಾರೆ. ಆದ್ಯತೆಗೂ ಒಂದು ಆರಂಭದ ಗೆರೆ ಬೇಕಲ್ಲವೇ? ಸಸ್ಯಗಳಿಗೆ ಆ ಗೆರೆ ಲಿನೇಯಸ್ಸನ 1753ರ ಸಸ್ಯಗ್ರಂಥ, ಪ್ರಾಣಿಗಳಿಗೆ ಅವನ ಇನ್ನೊಂದು ಗ್ರಂಥದ 1758ರ ಹತ್ತನೆಯ ಆವೃತ್ತಿ. ಅದಕ್ಕೂ ಹಿಂದಿನ ಹೆಸರುಗಳು, ಎಷ್ಟೇ ಸೊಗಸಾಗಿರಲಿ, ಲೆಕ್ಕಕ್ಕಿಲ್ಲ. ಬ್ಯಾಕ್ಟೀರಿಯಾ ತಜ್ಞರು ಹಳೆಯ ಹೆಸರುಗಳ ರಾಶಿಯಿಂದ ಬೇಸತ್ತು, ಒಪ್ಪಿತ ಹೆಸರುಗಳ ಪಟ್ಟಿಯೊಂದನ್ನು ಮಾಡಿ, 1980ರ ಜನವರಿ 1ರಿಂದ ಹೊಸದಾಗಿ ಎಣಿಕೆ ಆರಂಭಿಸಿದರು. ಅವರನ್ನು ಕಂಡರೆ ನನಗೆ ಕೊಂಚ ಅಸೂಯೆ. ಹೀಗೆ ಅರಾಬಿಕ ಹೋಗಿ ನಿಲೋಟಿಕ ಬಂದದ್ದು ಕಾನೂನಿನ ಬದಲಾವಣೆ. ಮರದ ಬಗ್ಗೆ ಅದು ಹೊಸದೇನನ್ನೂ ಹೇಳುವುದಿಲ್ಲ.

ಎರಡನೆಯದು ಹಾಗಲ್ಲ. ಅಕೇಶಿಯ ಎಂಬ ಕುಲದಲ್ಲಿ ಒಂದು ಕಾಲಕ್ಕೆ 1,300ಕ್ಕೂ ಹೆಚ್ಚು ಪ್ರಭೇದಗಳನ್ನು ತುಂಬಿದ್ದರು. ಡಿಎನ್‌ಎ ಹೋಲಿಕೆಗಳು ಆರಂಭವಾದ ಮೇಲೆ ಇದು ಒಂದು ಬಳಗವೇ ಅಲ್ಲವೆಂಬುದು ಸ್ಪಷ್ಟವಾಯಿತು. ಆಸ್ಟ್ರೇಲಿಯದ ಅಕೇಶಿಯಗಳು ಆಫ್ರಿಕ ಮತ್ತು ಏಷ್ಯದ ಮುಳ್ಳಿನ ಜಾಲಿಗಳಿಗಿಂತ ಬಾಗೆ ಮರದ ನಂಟರಿಗೆ ಹತ್ತಿರವಾಗಿದ್ದವು. ಹೊರನೋಟಕ್ಕೆ ಕಾಣುವ ಹೂವಿನ ಚೆಂಡುಗಳ ಹೋಲಿಕೆಯನ್ನು ನಂಬಿ ದೂರದವರನ್ನೆಲ್ಲ ಒಂದೇ ಮನೆಯಲ್ಲಿ ಕೂಡಿಹಾಕಿದಂತಾಗಿತ್ತು. ಮನೆ ಒಡೆಯಬೇಕಾಯಿತು. ಕರಿಜಾಲಿ ಮತ್ತು ಅದರ ನಿಜವಾದ ನಂಟರು ವಾಚೆಲ್ಲಿಯ ಕುಲಕ್ಕೆ ಹೋದವು. ಕಾಚಿನ ಮರವೂ ಅದರ ಬಳಗವೂ ಸೆನೆಗಾಲಿಯ ಕುಲಕ್ಕೆ ಹೋದವು. ಅಕೇಶಿಯ ಎಂಬ ಹೆಸರು ಬಹುಪಾಲು ಆಸ್ಟ್ರೇಲಿಯದ ಪ್ರಭೇದಗಳ ಪಾಲಾಯಿತು.

ಟೊಮೇಟೊದಲ್ಲಿ ನಡೆದದ್ದು ಇದರ ತಿರುಗುಮುರುಗು. ಲಿನೇಯಸ್ ಅದನ್ನು ಬದನೆ, ಆಲೂಗೆಡ್ಡೆಗಳ ಜೊತೆಗೆ ಸೊಲನಮ್ ಕುಲದಲ್ಲಿಟ್ಟಿದ್ದ. 1768ರಲ್ಲಿ ಫಿಲಿಪ್ ಮಿಲ್ಲರ್ ಅದಕ್ಕೆ ಬೇರೆ ಮನೆ ಕಟ್ಟಿ ಲೈಕೊಪರ್ಸಿಕಾನ್ ಎಸ್ಕುಲೆಂಟಮ್ ಎಂದ. ಎರಡು ಶತಮಾನಗಳ ಮೇಲೆ ಅಣುಮಟ್ಟದ ಪುರಾವೆಗಳು ಅದು ಆಲೂಗೆಡ್ಡೆಯ ಒಡಹುಟ್ಟಿದಂಥದೆಂದು ತೋರಿಸಿದ್ದರಿಂದ ಮರಳಿ ಹಳೆಯ ಮನೆಗೆ, ಹಳೆಯ ಹೆಸರಿಗೆ ಬಂತು.

ಯಾರು ತೀರ್ಮಾನಿಸುತ್ತಾರೆ ಎಂದಿರಿ. ಪ್ರಾಣಿ ಮತ್ತು ಸಸ್ಯಗಳ ಮಟ್ಟಿಗೆ, ಹೊಸ ಹೆಸರುಗಳಿಗೆ ಒಪ್ಪಿಗೆಯ ಮುದ್ರೆ ಒತ್ತುವ ಕಚೇರಿ ಯಾವುದೂ ಇಲ್ಲ. ನಿಯಮಾವಳಿಗೆ ಅನುಗುಣವಾಗಿ ಪ್ರಕಟವಾದ ಹೆಸರು ಪ್ರಕಟವಾದ ಕ್ಷಣದಿಂದಲೇ ಸಿಂಧು. ಅದನ್ನು ಬಳಸುವುದೋ ಬಿಡುವುದೋ ಇತರ ವಿಜ್ಞಾನಿಗಳಿಗೆ ಬಿಟ್ಟದ್ದು. ವೈರಸ್ಸುಗಳಿಗೆ ಮಾತ್ರ ಒಂದು ಅಂತಾರಾಷ್ಟ್ರೀಯ ಸಮಿತಿ ಹೆಸರುಗಳನ್ನು ಮತಕ್ಕೆ ಹಾಕಿ ಅಂಗೀಕರಿಸುತ್ತದೆ. ಆದ್ದರಿಂದ ‘ಈ ಗಿಡದ ಹೆಸರನ್ನು ಬದಲಾಯಿಸಲಾಗಿದೆ’ ಎಂಬ ಕರ್ತೃವಿಲ್ಲದ ವಾಕ್ಯವನ್ನು ಓದಿದಾಗ ಅದರ ಹಿಂದೆ ಒಂದು ಆದೇಶವನ್ನು ಹುಡುಕಬೇಡಿ. ಯಾರೋ ಒಬ್ಬರು ಪುರಾವೆಯೊಂದಿಗೆ ವಾದ ಮಂಡಿಸಿದ್ದಾರೆ, ಹಲವರಿಗೆ ಅದು ಒಪ್ಪಿಗೆಯಾಗಿದೆ, ಅಷ್ಟೆ.

ಉತ್ತರ: ಕೊಂಬಿನಹುಳು

ತೊಗಟೆ ಅವರು ಒಂದು ಎಳೆಯನ್ನು ಬಿಟ್ಟಿದ್ದಾರೆ. ಮನೆ ಒಡೆದಾಗ ಹಳೆಯ ಹೆಸರು ಯಾವ ಪಾಲಿಗೆ ಹೋಗಬೇಕು? ಇದು ಜನಸಂಖ್ಯೆಯಿಂದಾಗಲಿ ಪ್ರಸಿದ್ಧಿಯಿಂದಾಗಲಿ ತೀರ್ಮಾನವಾಗುವ ವಿಷಯವಲ್ಲ. ಇಡೀ ನಾಮಕರಣ ಪದ್ಧತಿಯ ಕೀಲು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ, ಶಾಲಾಪುಸ್ತಕಗಳು ಚಕಾರವೆತ್ತದ ಸಂಗತಿಯೂ ಇದೇ.

ಪ್ರಭೇದವೊಂದಕ್ಕೆ ಹೆಸರಿಡುವಾಗ ಆ ಹೆಸರನ್ನು ಒಂದು ನಿರ್ದಿಷ್ಟ ವಸ್ತುವಿಗೆ ಕಟ್ಟಬೇಕು: ಸಂಗ್ರಹಾಲಯದಲ್ಲಿರುವ ಸೂಜಿ ಚುಚ್ಚಿದ ಒಂದು ಜೀರುಂಡೆ, ಒಣಗಿಸಿ ಹಾಳೆಗೆ ಅಂಟಿಸಿದ ಒಂದು ರೆಂಬೆ, ಒಂದು ತಲೆಬುರುಡೆ. ಇದನ್ನು ಟೈಪ್ ಎನ್ನುತ್ತಾರೆ. ‘ಮಾದರಿ’ ಎಂದು ಅನುವಾದಿಸುವುದು ರೂಢಿಯಲ್ಲಿದ್ದರೂ ಆ ಮಾತು ದಾರಿ ತಪ್ಪಿಸುತ್ತದೆ, ಏಕೆಂದರೆ ಆ ವಸ್ತು ತನ್ನ ಪ್ರಭೇದದ ಉತ್ತಮ ಪ್ರತಿನಿಧಿಯಾಗಿರಬೇಕಿಲ್ಲ. ಕಾಲು ಮುರಿದ ಹುಳುವೂ ಆಗಬಹುದು. ನಾನು ಅದನ್ನು ಗೂಟಕ್ಕೆ ಹೋಲಿಸುತ್ತೇನೆ. ವರ್ಗೀಕರಣಕಾರರು ಹೊಲದ ಬೇಲಿಯನ್ನು ಎಲ್ಲಿಗೆ ಬೇಕಾದರೂ ಸರಿಸಲಿ, ಗೂಟ ನೆಟ್ಟಲ್ಲೇ ಇರುತ್ತದೆ. ಅದು ಯಾವ ಬೇಲಿಯೊಳಗೆ ಉಳಿಯಿತೋ ಆ ಹೊಲಕ್ಕೆ ಅದರ ಹೆಸರು. ಒಂದೇ ಬೇಲಿಯೊಳಗೆ ಎರಡು ಗೂಟಗಳು ಸಿಕ್ಕಿದರೆ ಹಳೆಯ ಗೂಟದ ಹೆಸರು ನಿಲ್ಲುತ್ತದೆ. ಪ್ರಭೇದಕ್ಕೆ ಒಂದು ಒಣಗಿದ ಪ್ರತಿ ಗೂಟವಾದರೆ ಕುಲಕ್ಕೆ ಒಂದು ಪ್ರಭೇದ ಗೂಟವಾಗುತ್ತದೆ.

ಅಕೇಶಿಯ ಕುಲದ ಗೂಟ ಯಾವುದಾಗಿತ್ತು ಬಲ್ಲಿರಾ? ಕರಿಜಾಲಿಯೇ. ನಿಯಮದ ಪ್ರಕಾರ ಹೆಸರು ಅದರ ಬಳಗಕ್ಕೇ ಹೋಗಬೇಕಾಗಿತ್ತು. ಆದರೆ ಹಾಗಾದರೆ ಆಸ್ಟ್ರೇಲಿಯದ ಸಾವಿರದಷ್ಟು ಪ್ರಭೇದಗಳಿಗೆ ಹೊಸ ಹೆಸರಿಡಬೇಕಾಗುತ್ತಿತ್ತು. ಆದ್ದರಿಂದ ಗೂಟವನ್ನೇ ಕಿತ್ತು ಆಸ್ಟ್ರೇಲಿಯದ ಪ್ರಭೇದವೊಂದರ ಮೇಲೆ ನೆಡಬೇಕೆಂಬ ಸೂಚನೆ ಬಂತು, ಸಸ್ಯನಾಮಕರಣದ ಸಮಿತಿ ಅದನ್ನು ಶಿಫಾರಸು ಮಾಡಿತು. 2005ರ ವಿಯೆನ್ನಾ ಸಸ್ಯವಿಜ್ಞಾನ ಸಮ್ಮೇಳನದಲ್ಲಿ ಇದು ಮತಕ್ಕೆ ಬಂದಾಗ ಅರ್ಧಕ್ಕಿಂತ ಹೆಚ್ಚು ಮತಗಳು ವಿರುದ್ಧವಾಗಿ ಬಿದ್ದವು. ಆದರೂ ಸೂಚನೆ ಗೆದ್ದಿತು, ಏಕೆಂದರೆ ಸಮಿತಿಯ ಶಿಫಾರಸನ್ನು ತಳ್ಳಿಹಾಕಲು ಶೇಕಡ 60ರಷ್ಟು ಮತ ಬೇಕಾಗಿತ್ತು. ಆಫ್ರಿಕದ ಹಲವು ಸಸ್ಯವಿಜ್ಞಾನಿಗಳು ಇದನ್ನು ಅನ್ಯಾಯವೆಂದೇ ಬಗೆದರು. 2011ರ ಮೆಲ್ಬರ್ನ್ ಸಮ್ಮೇಳನ ಅದೇ ತೀರ್ಮಾನವನ್ನು ಎತ್ತಿಹಿಡಿಯಿತು. ಅಕೇಶಿಯ ಎಂಬ ಗ್ರೀಕ್ ಮೂಲದ ಪದ ಪ್ರಾಚೀನರು ಈಜಿಪ್ಟಿನ ಮುಳ್ಳುಜಾಲಿಗೆ ಇಟ್ಟಿದ್ದ ಹೆಸರು. ಈಗ ಮುಳ್ಳಿರುವ ಮರ ಆ ಹೆಸರನ್ನು ಕಳೆದುಕೊಂಡಿದೆ, ಬಹುಪಾಲು ಮುಳ್ಳಿಲ್ಲದ ಮರಗಳು ಅದನ್ನು ಹೊತ್ತಿವೆ.

ಇದೇ ಬಗೆಯ ಪ್ರಶ್ನೆ ಪ್ರಾಣಿಗಳಲ್ಲೂ ಬಂತು, ಅಲ್ಲಿ ತೀರ್ಪು ತಿರುಗಿ ಬಿತ್ತು. ತಳಿವಿಜ್ಞಾನದ ಪ್ರಯೋಗಾಲಯಗಳಲ್ಲೆಲ್ಲ ಇರುವ ಹಣ್ಣಿನ ನೊಣ ಡ್ರೊಸೊಫಿಲ ಮೆಲನೋಗ್ಯಾಸ್ಟರ್ ತನ್ನ ಕುಲದ ಗೂಟವಲ್ಲ. ಗೂಟವಿರುವುದು ಡ್ರೊಸೊಫಿಲ ಫ್ಯುನೆಬ್ರಿಸ್ ಎಂಬ ದೂರದ ನಂಟನ ಮೇಲೆ. ಕುಲವನ್ನು ಒಡೆದರೆ ಈ ನೊಣ ಸೊಫೊಫೊರ ಮೆಲನೋಗ್ಯಾಸ್ಟರ್ ಆಗಬೇಕಾದೀತೆಂಬ ಅಂಜಿಕೆಯಿಂದ ಗೂಟವನ್ನು ಬದಲಿಸಿಕೊಡಿರೆಂದು ಪ್ರಾಣಿನಾಮಕರಣ ಆಯೋಗಕ್ಕೆ ಅರ್ಜಿ ಹಾಕಿದ್ದರು. 2010ರಲ್ಲಿ ಆಯೋಗ ಅದನ್ನು ತಿರಸ್ಕರಿಸಿತು. ಸದ್ಯಕ್ಕೆ ಕುಲವನ್ನು ಒಡೆಯುವ ಧೈರ್ಯವನ್ನು ಹೆಚ್ಚಿನವರು ಮಾಡದೆ ಇರುವುದರಿಂದ ಹಳೆಯ ಹೆಸರೇ ನಡೆಯುತ್ತಿದೆ.

ಗೂಟದ ಮಹತ್ವವನ್ನು ಆನೆಯ ಪ್ರಕರಣದಷ್ಟು ಚೆನ್ನಾಗಿ ತೋರಿಸುವುದು ಇನ್ನೊಂದಿಲ್ಲ. 1758ರಲ್ಲಿ ಲಿನೇಯಸ್ ಎಲಿಫಾಸ್ ಮ್ಯಾಕ್ಸಿಮಸ್ ಎಂಬ ಹೆಸರಿಟ್ಟಾಗ ಏಷ್ಯದ ಆನೆ ಮತ್ತು ಆಫ್ರಿಕದ ಆನೆ ಬೇರೆಬೇರೆ ಎಂಬುದು ಅವನ ಲೆಕ್ಕದಲ್ಲಿರಲಿಲ್ಲ. ಮುಂದೆ ಆಫ್ರಿಕದ ಆನೆಯನ್ನು ಬೇರೆಯದೆಂದು ಗುರುತಿಸಿದ ಮೇಲೆ ಲಿನೇಯಸ್ಸನ ಹೆಸರು ಏಷ್ಯದ ಆನೆಗೆ ಉಳಿಯಿತು. ಅದರ ಗೂಟವೆಂದು ಪರಿಗಣಿಸಿದ್ದು ಮದ್ಯಸಾರದಲ್ಲಿ ಇಟ್ಟಿದ್ದ ಒಂದು ಆನೆಯ ಭ್ರೂಣವನ್ನು; ಆಮ್‌ಸ್ಟರ್‌ಡಾಮಿನ ಆಲ್ಬರ್ಟಸ್ ಸೇಬಾನ ಸಂಗ್ರಹದಲ್ಲಿದ್ದ ಅದು ಈಗ ಸ್ಟಾಕ್‌ಹೋಮ್‌ನಲ್ಲಿದೆ. ಅದರ ರೂಪವನ್ನು ನೋಡಿದ ಕೆಲವರಿಗೆ ಇದು ಆಫ್ರಿಕದ್ದಿರಬಹುದೆಂಬ ಗುಮಾನಿ ಹುಟ್ಟಿತು. ಮದ್ಯಸಾರದಲ್ಲಿ ಶತಮಾನಗಳ ಕಾಲ ನೆನೆದ ಅಂಗಾಂಶದಿಂದ ಡಿಎನ್‌ಎ ತೆಗೆಯುವುದು ಸುಲಭವಲ್ಲ. ಕೊನೆಗೆ ಪ್ರೋಟೀನುಗಳ ಪರೀಕ್ಷೆ ಮತ್ತು ಪ್ರಾಚೀನ ಡಿಎನ್‌ಎ ಪರೀಕ್ಷೆ ಎರಡೂ ಸೇರಿ, 2013ರಲ್ಲಿ, ಅದು ಆಫ್ರಿಕದ ಆನೆಯೇ ಎಂದು ಸಾಬೀತುಪಡಿಸಿದವು.

ಇದರ ಪರಿಣಾಮವನ್ನು ಯೋಚಿಸಿ. ಆ ಭ್ರೂಣವೊಂದೇ ಗೂಟವಾಗಿದ್ದಿದ್ದರೆ ಏಷ್ಯದ ಆನೆ ತನ್ನ ಹೆಸರನ್ನು ಕಳೆದುಕೊಳ್ಳುತ್ತಿತ್ತು. ಅದೃಷ್ಟಕ್ಕೆ ಲಿನೇಯಸ್ ಇತರರ ವರ್ಣನೆಗಳನ್ನೂ ಉಲ್ಲೇಖಿಸಿದ್ದ. ಅದರಲ್ಲೊಂದು ಇಂಗ್ಲೆಂಡಿನ ಜಾನ್ ರೇ ಫ್ಲಾರೆನ್ಸ್‌ನಲ್ಲಿ ಕಂಡಿದ್ದ ಅಸ್ಥಿಪಂಜರದ ವರ್ಣನೆ. ಆ ಅಸ್ಥಿಪಂಜರ ಇಂದಿಗೂ ಅಲ್ಲಿನ ಸಂಗ್ರಹಾಲಯದಲ್ಲಿ ನಿಂತಿದೆ, ಮತ್ತು ಅದು ನಿಸ್ಸಂಶಯವಾಗಿ ಏಷ್ಯದ ಆನೆಯದು. ಸಂಶೋಧಕರು ಅದನ್ನೇ ಗೂಟವಾಗಿ ಆರಿಸಿದರು, ಹೆಸರು ಉಳಿಯಿತು. (ಮನುಷ್ಯನ ಗೂಟ ಯಾವುದು ಎಂಬ ಕುತೂಹಲ ಸಹಜ. ಹೋಮೊ ಸೇಪಿಯನ್ಸ್‌ಗೆ ಲಿನೇಯಸ್ ಯಾವ ಪ್ರತಿಯನ್ನೂ ಸೂಚಿಸದೆ, ವರ್ಣನೆಯ ಜಾಗದಲ್ಲಿ ‘ನಿನ್ನನ್ನು ನೀನು ಅರಿ’ ಎಂದಷ್ಟೇ ಬರೆದಿದ್ದ. 1959ರಲ್ಲಿ ವಿಲಿಯಂ ಸ್ಟರ್ನ್ ಲಿನೇಯಸ್ಸನನ್ನೇ ಆ ಸ್ಥಾನಕ್ಕೆ ಸೂಚಿಸಿದರು.)

ಗೂಟ ಸರಿಯಿದ್ದರೆ ಹೆಸರಿನ ಅರ್ಥ ತಪ್ಪಾಗಿದ್ದರೂ ಬಾಧಕವಿಲ್ಲ. ಸ್ವರ್ಗಪಕ್ಷಿಯೊಂದರ ಚರ್ಮ ಕಾಲುಗಳನ್ನು ತೆಗೆದ ಸ್ಥಿತಿಯಲ್ಲಿ ಯುರೋಪಿಗೆ ಬಂದಿದ್ದರಿಂದ ಲಿನೇಯಸ್ ಅದಕ್ಕೆ ‘ಕಾಲಿಲ್ಲದ್ದು’ ಎಂಬರ್ಥದ ಪ್ಯಾರಡೈಸಿಯ ಅಪೋಡ ಎಂಬ ಹೆಸರನ್ನಿಟ್ಟ. ಹಕ್ಕಿಗೆ ಗಟ್ಟಿಮುಟ್ಟಾದ ಎರಡು ಕಾಲುಗಳಿವೆ. ಹೆಸರು ಹಾಗೆಯೇ ಇದೆ.

ಉತ್ತರ: ಅರೆಸಂಶಯಿ

ಮೇಲಿನ ಇಬ್ಬರೂ ಹೆಸರು ಬದಲಾಗುವುದರ ಬಗ್ಗೆ ಬರೆದಿದ್ದಾರೆ. ಹೆಸರು ಬದಲಾಗದೆ ಅರ್ಥ ಬದಲಾಗುವುದು ಇದಕ್ಕಿಂತ ಹೆಚ್ಚು ಮೋಸಗೊಳಿಸುತ್ತದೆ ಎಂಬುದನ್ನು ನಿಘಂಟುಕಾರರು ಗಮನಿಸಬೇಕು. ಜಿರಾಫ ಕ್ಯಾಮೆಲೊಪಾರ್ಡಾಲಿಸ್ ಎಂದರೆ ಬಹುಕಾಲ ಜಗತ್ತಿನ ಎಲ್ಲ ಜಿರಾಫೆಗಳೂ ಎಂದರ್ಥ. ಜಿರಾಫೆಯಲ್ಲಿ ನಾಲ್ಕು ಪ್ರಭೇದಗಳಿವೆ ಎಂಬ ವಾದವನ್ನು 2016ರಲ್ಲಿ ಒಂದು ಸಂಶೋಧನೆ ಮಂಡಿಸಿತು. ಅದನ್ನು ಒಪ್ಪುವವರ ಬರಹದಲ್ಲಿ ಅದೇ ಹೆಸರು ಉತ್ತರದ ಜಿರಾಫೆಗೆ ಮಾತ್ರ ಸಲ್ಲುತ್ತದೆ. ಅಕ್ಷರವೊಂದೂ ಬದಲಾಗಿಲ್ಲ, ಅರ್ಥ ಮಾತ್ರ ಕಾಲುಭಾಗಕ್ಕೆ ಕುಗ್ಗಿದೆ. ಅಕೇಶಿಯ ಎಂಬ ಪದಕ್ಕೂ ಇದೇ ಗತಿಯಾಗಿದೆ. ಯಾವ ವರ್ಷದ, ಯಾರ ಅರ್ಥದಲ್ಲಿ ಎಂದು ಹೇಳದಿದ್ದರೆ ವೈಜ್ಞಾನಿಕ ಹೆಸರೂ ಅರ್ಧ ಮಾತು.

ಇನ್ನು ಕುಲಕ್ಕಿಂತ ಮೇಲಿನ ಕುಟುಂಬ, ಗಣ, ವರ್ಗ ಎಂಬ ಮೆಟ್ಟಿಲುಗಳನ್ನು ನಿಸರ್ಗವೇ ಕಟ್ಟಿದ್ದೆಂದು ಭಾವಿಸಬೇಡಿ. 13 ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಇರುವೆಗಳೆಲ್ಲ ಸೇರಿ ಫಾರ್ಮಿಸಿಡೆ ಎಂಬ ಒಂದೇ ಕುಟುಂಬ. ಹುಲಿ, ಸಿಂಹ, ಮನೆಬೆಕ್ಕು ಎಲ್ಲ ಕೂಡಿ ನಲವತ್ತರ ಆಸುಪಾಸಿನಲ್ಲಿರುವ ಫೆಲಿಡೆಯೂ ಒಂದು ಕುಟುಂಬ. ಗಿಂಕೊ ಮರವಂತೂ ಒಂದೇ ಪ್ರಭೇದವಾಗಿ ಉಳಿದು ಇಡೀ ಕುಟುಂಬವನ್ನೂ ಗಣವನ್ನೂ ಒಂಟಿಯಾಗಿ ಹೊತ್ತಿದೆ. ಇವೆಲ್ಲವನ್ನೂ ಒಂದೇ ಎತ್ತರದ ಮೆಟ್ಟಿಲೆಂದು ಹೇಳುವುದಕ್ಕೆ ಯಾವ ಅಳತೆಗೋಲೂ ಇಲ್ಲ. ಪರಂಪರೆ ಮತ್ತು ಅನುಕೂಲ ಮಾತ್ರ ಇವೆ. ನಿಸರ್ಗದಲ್ಲಿ ನಿಜವಾಗಿ ಇರುವುದು ಕವಲುಗಳು. ಜರ್ಮನಿಯ ಕೀಟಶಾಸ್ತ್ರಜ್ಞ ವಿಲಿ ಹೆನಿಗ್ 1950ರಲ್ಲಿ ಇದನ್ನೇ ಪಟ್ಟುಹಿಡಿದು ಹೇಳಿದರು: ಒಂದು ಪೂರ್ವಜ ಮತ್ತು ಅದರ ಎಲ್ಲ ಸಂತತಿ ಸೇರಿದರೆ ಮಾತ್ರ ಗುಂಪು, ಕೆಲವರನ್ನು ಬಿಟ್ಟರೆ ಗುಂಪಲ್ಲ. ಆ ಲೆಕ್ಕದಲ್ಲಿ ಹಕ್ಕಿಗಳನ್ನು ಬಿಟ್ಟು ಸರೀಸೃಪ ಎನ್ನುವಂತಿಲ್ಲ, ಏಕೆಂದರೆ ಮೊಸಳೆಗೆ ಹಲ್ಲಿಗಿಂತ ಹಕ್ಕಿ ಹತ್ತಿರದ ನಂಟ. ಇರುವೆಯ ಬಳಗವೆಂದು ಹಲವರು ತಿಳಿದಿರುವ ಗೆದ್ದಲಿಗೆ ಬಹುಕಾಲ ತನ್ನದೇ ಒಂದು ಗಣವಿತ್ತು. ಅದು ಜಿರಳೆಗಳ ನಡುವೆ ಹುಟ್ಟಿದ ಒಂದು ಕವಲೆಂದು 2007ರ ಅಧ್ಯಯನವೊಂದು ಗಟ್ಟಿಯಾಗಿ ತೋರಿಸಿದ ಮೇಲೆ ಆ ಗಣ ಜಿರಳೆಯ ಗಣದೊಳಗೆ ಕರಗಿತು.

ಪ್ರಭೇದವಾದರೂ ಖಚಿತವೇ? ತಮ್ಮೊಳಗೆ ಕೂಡಿ ಸಂತಾನ ಪಡೆಯುವ, ಇತರರೊಂದಿಗೆ ಕೂಡದ ಗುಂಪು ಎಂಬ ಅರ್ನ್ಸ್ಟ್ ಮೇಯರ್ ಅವರ 1942ರ ವ್ಯಾಖ್ಯೆ ಹಕ್ಕಿಗಳಿಗೆ ಚೆನ್ನಾಗಿ ಒಪ್ಪುತ್ತದೆ. ಕೂಡದೆಯೇ ಇಬ್ಭಾಗವಾಗುವ ಬ್ಯಾಕ್ಟೀರಿಯಾಗಳಿಗೆ, ಕಲ್ಲಾಗಿ ಉಳಿದ ಪಳೆಯುಳಿಕೆಗಳಿಗೆ ಅದನ್ನು ಹೇಗೆ ಅನ್ವಯಿಸುವುದು? ಇದಕ್ಕಿಂತ ಹೆಚ್ಚು ಹೇಳಿದರೆ ಚರ್ಚೆ ದಾರಿ ತಪ್ಪುತ್ತದೆ, ನಿಲ್ಲಿಸುತ್ತೇನೆ.

ಮರುಪ್ರಶ್ನೆ: ಪದಸಂಚಿ

ಮೂವರಿಗೂ ಕೃತಜ್ಞತೆಗಳು. ಗೂಟ ಮತ್ತು ಬೇಲಿಯ ಹೋಲಿಕೆಯಿಂದ ನನಗೆ ಬಹಳ ಸ್ಪಷ್ಟವಾಯಿತು. ರೂಢಿಯ ಹೆಸರಿಗಿಂತ ಇದು ಹೇಗೆ ಮೇಲು ಎಂಬ ನನ್ನ ಪ್ರಶ್ನೆಗೆ ನಾನೇ ಉತ್ತರವನ್ನು ಕಂಡುಕೊಂಡಂತಾಗಿದೆ: ರೂಢಿಯ ಹೆಸರು ಯಾವಾಗ, ಯಾವ ಗಿಡವನ್ನು ನೋಡಿ ಹುಟ್ಟಿತೆಂದು ಹುಡುಕಿಕೊಂಡು ಹೋಗಲು ದಾರಿಯಿಲ್ಲ, ವೈಜ್ಞಾನಿಕ ಹೆಸರಿಗೆ ದಿನಾಂಕವಿದೆ, ಇಟ್ಟವರ ಹೆಸರಿದೆ, ಕಟ್ಟಿದ ಗೂಟವಿದೆ. ಬದಲಾದರೂ ಜಾಡು ಅಳಿಯುವುದಿಲ್ಲ.

ಎರಡು ಸಂದೇಹಗಳು ಉಳಿದಿವೆ. ಹೆಸರಿನ ಮುಂದೆ ಬರುವ ವಿಜ್ಞಾನಿಗಳ ಹೆಸರು ಕೆಲವು ಕಡೆ ಆವರಣ ಚಿಹ್ನೆಯೊಳಗೆ ಇರುತ್ತದೆ, ಕೆಲವು ಕಡೆ ಹೊರಗೆ. ಇದು ಅಚ್ಚಿನ ದೋಷವೋ, ಅರ್ಥವಿದೆಯೋ? ಎರಡನೆಯದಾಗಿ, ಕನ್ನಡದ ಪುಸ್ತಕಗಳಲ್ಲಿ ‘ಜಾತಿ’, ‘ಕುಲ’, ‘ಪ್ರಭೇದ’ ಎಂಬ ಪದಗಳು ಒಂದರ ಜಾಗದಲ್ಲಿ ಇನ್ನೊಂದು ಕಾಣಿಸಿಕೊಳ್ಳುತ್ತಿವೆ. ನಾನು ಯಾವುದನ್ನು ನೆಚ್ಚಬೇಕು?

ಉತ್ತರ: ತೊಗಟೆ

ಆವರಣ ಚಿಹ್ನೆ ದೋಷವಲ್ಲ, ಅದು ವಲಸೆಯ ಗುರುತು. ಮೊದಲು ಹೆಸರಿಟ್ಟವರು ಬೇರೆ ಕುಲದಲ್ಲಿ ಇಟ್ಟಿದ್ದರು, ಆಮೇಲೆ ಪ್ರಭೇದ ಈ ಕುಲಕ್ಕೆ ಬಂದಿದೆ ಎಂದು ಅದು ತಿಳಿಸುತ್ತದೆ. ಸಿಂಹವನ್ನು ಲಿನೇಯಸ್ 1758ರಲ್ಲಿ ಬೆಕ್ಕಿನ ಜೊತೆ ಫೆಲಿಸ್ ಕುಲದಲ್ಲಿಟ್ಟಿದ್ದರಿಂದ ಈಗ ಪ್ಯಾಂಥೆರ ಲಿಯೊ (ಲಿನೇಯಸ್, 1758) ಎಂದು ಆವರಣದೊಳಗೆ ಬರೆಯುತ್ತಾರೆ. ಹೋಮೊ ಸೇಪಿಯನ್ಸ್ ಮನೆ ಬಿಟ್ಟು ಹೋಗಿಲ್ಲವಾದ್ದರಿಂದ ಅಲ್ಲಿ ಆವರಣವಿಲ್ಲ. ಪ್ರಾಣಿಶಾಸ್ತ್ರಜ್ಞರು ಮೊದಲಿನವರ ಹೆಸರಿಗೇ ನಿಲ್ಲಿಸುತ್ತಾರೆ. ಸಸ್ಯಶಾಸ್ತ್ರದಲ್ಲಿ ಹೊಸ ಮನೆಗೆ ಕರೆತಂದವರ ಹೆಸರೂ ಹೊರಗೆ ಬರುತ್ತದೆ. ವಾಚೆಲ್ಲಿಯ ನಿಲೋಟಿಕದ ಮುಂದೆ ಆವರಣದೊಳಗೆ ಲಿನೇಯಸ್ಸನ ಸಂಕ್ಷೇಪವಾದ ‘ಎಲ್.’ ಇರುತ್ತದೆ, ಅದರಾಚೆ 2008ರಲ್ಲಿ ಅದನ್ನು ವಾಚೆಲ್ಲಿಯಕ್ಕೆ ತಂದ ಹರ್ಟರ್ ಮತ್ತು ಮ್ಯಾಬರ್ಲಿ ಇರುತ್ತಾರೆ. ಆ ಒಂದು ಸಾಲಿನಲ್ಲಿ 255 ವರ್ಷಗಳ ಇತಿಹಾಸ ಅಡಗಿದೆ. ಆದ್ದರಿಂದ ದಯವಿಟ್ಟು ಕರ್ತೃನಾಮಗಳನ್ನು ಬಿಡಬೇಡಿ.

ಇನ್ನೊಂದು ಎಚ್ಚರಿಕೆ. ಪ್ರಾಣಿಗಳ ಮತ್ತು ಸಸ್ಯಗಳ ನಿಯಮಾವಳಿಗಳು ಒಂದಕ್ಕೊಂದು ಸಂಬಂಧಪಟ್ಟವಲ್ಲ. ಮೋರಸ್ ಎಂಬ ಕುಲನಾಮ ಹಿಪ್ಪುನೇರಳೆಗೂ ಇದೆ, ಒಂದು ಬಗೆಯ ಕಡಲಹಕ್ಕಿಗೂ ಇದೆ, ಎರಡೂ ಸಿಂಧುವೇ. ನಾಗರಹಾವಿನ ನಾಜ ನಾಜದಂತೆ ಒಂದೇ ಪದವನ್ನು ಇಮ್ಮಡಿಸುವುದು ಪ್ರಾಣಿಗಳಲ್ಲಿ ನಡೆಯುತ್ತದೆ, ಸಸ್ಯಗಳಲ್ಲಿ ನಿಷಿದ್ಧ. ನಿಮ್ಮ ಪದಕೋಶ ಸಸ್ಯಗಳದ್ದಾಗಿರುವುದರಿಂದ ಹುಡುಕುವಾಗ ಹಕ್ಕಿಯ ಪುಟಕ್ಕೆ ಹೋಗಿ ಗಾಬರಿಯಾಗಬೇಡಿ ಎಂದು ಹೇಳಿದೆ.

ಉತ್ತರ: ನುಡಿತೂಕ

ಪರಿಭಾಷೆಯ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ವಿಜ್ಞಾನದ ಅನುವಾದದಲ್ಲಿ ಈ ಮೂರು ಪದಗಳು ನನ್ನನ್ನೂ ಸಾಕಷ್ಟು ಕಾಡಿವೆ. ನಾವು ಮಾತಿನಲ್ಲಿ ‘ಇದು ಬೇರೆ ಜಾತಿಯ ಮರ’ ಎನ್ನುವಾಗ ಪ್ರಭೇದವನ್ನು ಉದ್ದೇಶಿಸಿರುತ್ತೇವೆ. ಆದರೆ ಕನ್ನಡದ ಕೆಲವು ಪಠ್ಯಗಳಲ್ಲಿ ‘ಜಾತಿ’ ಎಂದರೆ ಅದರ ಮೇಲಿನ ಮೆಟ್ಟಿಲು. ಅದನ್ನೇ ಇನ್ನು ಕೆಲವರು ‘ಕುಲ’ ಎನ್ನುತ್ತಾರೆ. ಹಿಂದಿಯ ಪಠ್ಯಗಳನ್ನು ನೋಡಿ ಬರೆದವರಿಂದ ಗೊಂದಲ ಇಮ್ಮಡಿಯಾಗುತ್ತದೆ: ಅಲ್ಲಿ ‘ಜಾತಿ’ ಪ್ರಭೇದವಾಗುತ್ತದೆ, ‘ವಂಶ’ ನಮ್ಮ ಕುಲವಾಗುತ್ತದೆ, ‘ಕುಲ’ ನಮ್ಮ ಕುಟುಂಬವಾಗುತ್ತದೆ, ನಮ್ಮ ಪಠ್ಯಗಳಲ್ಲಿ ‘ವಂಶ’ವೋ ವರ್ಗಕ್ಕಿಂತಲೂ ಮೇಲಿನ ಮೆಟ್ಟಿಲು. ನನ್ನ ಸಲಹೆ ಏನೆಂದರೆ ‘ಜಾತಿ’ಯನ್ನು ಪಾರಿಭಾಷಿಕವಾಗಿ ಬಳಸುವುದನ್ನೇ ಬಿಟ್ಟು, ಕುಲ ಮತ್ತು ಪ್ರಭೇದ ಎಂಬ ಜೋಡಿಯನ್ನು ಆರಿಸಿಕೊಂಡು, ಮುನ್ನುಡಿಯಲ್ಲಿ ಅವುಗಳ ಅರ್ಥವನ್ನು ಹೇಳಿಬಿಡುವುದು.

ಇನ್ನೊಂದು ತೊಡಕು ಲಿಪಿಯದು. ರೋಮನ್ ಲಿಪಿಯಲ್ಲಿ ಕುಲನಾಮವನ್ನು ದೊಡ್ಡಕ್ಷರದಿಂದಲೂ ಪ್ರಭೇದಸೂಚಕವನ್ನು ಚಿಕ್ಕಕ್ಷರದಿಂದಲೂ ಆರಂಭಿಸಿ, ಎರಡನ್ನೂ ಓರೆಯಕ್ಷರದಲ್ಲಿ ಅಚ್ಚುಹಾಕುತ್ತಾರೆ. ಕನ್ನಡ ಲಿಪಿಯಲ್ಲಿ ಈ ಭೇದವಿಲ್ಲ; ಸಾಲದ್ದಕ್ಕೆ ಒಬ್ಬರು ಅಕೇಶಿಯ ಎಂದರೆ ಇನ್ನೊಬ್ಬರು ಅಕೇಸಿಯಾ ಎಂದು ಬರೆಯುತ್ತಾರೆ. ನಿಯಮಾವಳಿಯ ದೃಷ್ಟಿಯಲ್ಲಿ ರೋಮನ್ ಅಕ್ಷರಗಳಲ್ಲಿರುವುದೇ ಹೆಸರು, ಕನ್ನಡದಲ್ಲಿರುವುದು ಅದರ ಉಚ್ಚಾರಣೆಯ ಸೂಚನೆ. ಅಚ್ಚಿನಲ್ಲಿ ಎರಡೂ ಇರಲಿ.

ಪದಸಂಚಿ

ಎಲ್ಲರ ಸಲಹೆಯಂತೆ ನಮೂದನ್ನು ತಿದ್ದಿ ಬರೆದಿದ್ದೇನೆ. ಇಲ್ಲಿ ಕನ್ನಡ ಲಿಪಿಯ ರೂಪವನ್ನಷ್ಟೇ ಕೊಡುತ್ತಿದ್ದೇನೆ.

ಕರಿಜಾಲಿ: ವಾಚೆಲ್ಲಿಯ ನಿಲೋಟಿಕ (ಎಲ್.) ಹರ್ಟರ್ ಮತ್ತು ಮ್ಯಾಬರ್ಲಿ. ಹಿಂದಿನ ಹೆಸರುಗಳು: ಮಿಮೋಸ ನಿಲೋಟಿಕ ಎಲ್.; ಅಕೇಶಿಯ ನಿಲೋಟಿಕ (ಎಲ್.) ಡೆಲಿಲ್, ಮಿಮೋಸ ಅರಾಬಿಕ ಲಮಾರ್ಕ್, ಅಕೇಶಿಯ ಅರಾಬಿಕ ವಿಲ್ಡೆನೋ. ಕುಟುಂಬ: ಫ್ಯಾಬೇಸಿ. ಹಳೆಯ ಪುಸ್ತಕದಲ್ಲಿ ಕುಟುಂಬದ ಹೆಸರು ಲೆಗ್ಯುಮಿನೋಸಿ ಎಂದಿದೆ; ಅದೂ ಆದ್ಯತೆಯ ನಿಯಮಕ್ಕೆ ಸಿಕ್ಕಿ ಬಿದ್ದುಹೋದ ಹೆಸರೆಂದು ತಿಳಿದು ಕೈಬಿಟ್ಟಿದ್ದೇನೆ.

ಉತ್ತರ: ತೊಗಟೆ

ಎರಡು ತಿದ್ದುಪಡಿಗಳು. ಅಕೇಶಿಯ ಅರಾಬಿಕದಲ್ಲಿ ವಿಲ್ಡೆನೋಗೆ ಮುಂಚೆ ಲಮಾರ್ಕ್‌ನ ಹೆಸರು ಆವರಣದೊಳಗೆ ಬರಬೇಕು, ಏಕೆಂದರೆ ‘ಅರಾಬಿಕ’ ಅವನಿಟ್ಟದ್ದು. ವಿಲ್ಡೆನೋ ಅದನ್ನು ಮಿಮೋಸದಿಂದ ಅಕೇಶಿಯಕ್ಕೆ ತಂದ. ಲೆಗ್ಯುಮಿನೋಸಿ ಬಿದ್ದುಹೋದ ಹೆಸರಲ್ಲ. ಹುಲ್ಲು, ತಾಳೆ, ಸೂರ್ಯಕಾಂತಿ, ಸಾಸಿವೆ ಮೊದಲಾದ ಎಂಟು ಕುಟುಂಬಗಳಿಗೆ ಹಳೆಯ ಹೆಸರನ್ನೂ ಹೊಸ ಹೆಸರನ್ನೂ ಸಸ್ಯನಿಯಮಾವಳಿಯೇ ಉಳಿಸಿಕೊಂಡಿದೆ, ದ್ವಿದಳಗಳ ಕುಟುಂಬ ಅವುಗಳಲ್ಲೊಂದು. ಎರಡರಲ್ಲಿ ಯಾವುದನ್ನು ಬರೆದರೂ ಸರಿ. ಫ್ಯಾಬೇಸಿಯನ್ನು ಆರಿಸಿದ್ದೀರಾದರೆ ಪದಕೋಶದ ಕೊನೆಯವರೆಗೂ ಅದನ್ನೇ ನಡೆಸಿ, ಲೆಗ್ಯುಮಿನೋಸಿ ಎಂದು ಹುಡುಕುವವರಿಗಾಗಿ ಅಕಾರಾದಿಯಲ್ಲಿ ಒಂದು ಸಾಲನ್ನು ಸೇರಿಸಿ.